ಫ್ರೋಜನ್ ಶೋಲ್ಡರ್ ಆಪರೇಷನ್ ಆದ ಮೇಲೆ ಎಳೆಯದೆ ಉಳಿಸಿಕೊಂಡ ಭುಜ: ನನ್ನ ಅನುಭವ

ಆಪರೇಷನ್ ಟೇಬಲ್ ಮೇಲೆ 170 ಡಿಗ್ರಿ ಏರಿದ ಕೈ ಮೂರನೇ ವಾರಕ್ಕೆ 100ಕ್ಕೆ ಬಂದು ಕೂರುವುದನ್ನು ನಾವು ಫಿಸಿಯೋಗಳೆಲ್ಲ ಕಂಡವರೇ. ಫ್ರೋಜನ್ ಶೋಲ್ಡರ್, ಅಂದರೆ ಬಿಗಿದು ಹಿಡಿದುಕೊಂಡ ಭುಜದಲ್ಲಿ, ಕೀಲಿನ ಸುತ್ತಲಿನ ಚೀಲವನ್ನು (ಕ್ಯಾಪ್ಸೂಲ್) ಬಿಡಿಸುವ ಕೀಹೋಲ್ ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ, ಪೇಷೆಂಟ್ ದಿನಾ ಬಂದು ಕಣ್ಣೀರು ಹಾಕಿಕೊಂಡು ಜಗ್ಗಿಸಿಕೊಂಡು ಹೋಗಿರುತ್ತಾರೆ, ಆದರೂ ಭುಜ ಮತ್ತೆ ಬಿಗಿಯುತ್ತದೆ. ಮೊದಮೊದಲು ನಾನೂ ಇನ್ನಷ್ಟು ಜಗ್ಗುವುದೇ ಇದಕ್ಕೆ ಮದ್ದು ಅಂದುಕೊಂಡಿದ್ದೆ. ನಾಲ್ಕೈದು ವರ್ಷದಿಂದ ಅದನ್ನು ಪೂರ್ತಿ ಬಿಟ್ಟಿದ್ದೇನೆ. ಕ್ಲಿನಿಕ್‌ನಲ್ಲಿ ದಿನಕ್ಕೊಮ್ಮೆ 45 ನಿಮಿಷ ಎಳೆಯುವ ಬದಲು ಮನೆಯಲ್ಲಿ ದಿನಕ್ಕೆ 6 ಸಲ, ಸಲಕ್ಕೆ 8–10 ನಿಮಿಷ, ನೋವು ಕೆರಳದಷ್ಟೇ ಮಾಡಿಸುತ್ತೇನೆ. ಈ ಕ್ರಮದಲ್ಲಿ ಇಲ್ಲಿಯವರೆಗೆ 30–35 ಭುಜ ನೋಡಿರಬಹುದು. ಅರ್ಧಕ್ಕಿಂತ ಹೆಚ್ಚು ಜನ ಶುಗರ್ ಇದ್ದವರು. ಮತ್ತೆ ಟೇಬಲ್ ಹತ್ತಬೇಕಾಗಿ ಬಂದದ್ದು ಒಬ್ಬರೇ.

ನಂಬಿದವರು ಮಾತ್ರ ಕಡಿಮೆ. "ಮನೆಗೆ ಬಿಟ್ಟರೆ ಯಾರೂ ಮಾಡಲ್ಲ" ಅಂದರು ಸರ್ಜನ್ ಒಬ್ಬರು. "12 ಸಿಟ್ಟಿಂಗ್‌ಗೆ ಮುಗಿಸಿದರೆ ಬಾಡಿಗೆ ಹೇಗೆ ಕಟ್ತೀರಿ" ಅಂದರು ಜೊತೆಯವರು. ಪೇಷೆಂಟ್ ಕಡೆಯವರಂತೂ ನೇರವಾಗಿ ಕೇಳುತ್ತಿದ್ದರು: "ಅಲ್ಲ ಡಾಕ್ಟ್ರೇ, ನೀವು ಕೈ ಎಳೀಲೇ ಇಲ್ಲಲ್ಲ, ಮತ್ತೆ ದುಡ್ಡು ಯಾತಕ್ಕೆ?" ಈಗ ಅದೇ ಸರ್ಜನ್ ಆಪರೇಷನ್‌ಗೆ ಮುಂಚೆಯೇ ಪೇಷೆಂಟ್‌ನ ನನ್ನ ಹತ್ತಿರ ಕಳಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಒಂದು ಮಾತು ಮೊದಲೇ. ಇದು ಬರೀ ಕ್ಯಾಪ್ಸೂಲ್ ಬಿಡಿಸಿದ ಭುಜಕ್ಕೆ, ಇಲ್ಲವೇ ಅರಿವಳಿಕೆ ಕೊಟ್ಟು ಕೈ ತಿರುಗಿಸಿದ ಭುಜಕ್ಕೆ ಮಾತ್ರ. ಜೊತೆಯಲ್ಲಿ ರೊಟೇಟರ್ ಕಫ್ (ಭುಜ ತಿರುಗಿಸುವ ಸ್ನಾಯುರಜ್ಜುಗಳು) ಹೊಲಿದಿದ್ದರೆ ಅಥವಾ ಬೈಸೆಪ್ಸ್ ಸ್ನಾಯುರಜ್ಜು ಕಟ್ಟಿದ್ದರೆ ಇದರಲ್ಲಿ ಒಂದು ಸಾಲನ್ನೂ ಬಳಸಬೇಡಿ. ಡಿಸ್ಚಾರ್ಜ್ ಸಮರಿ ನಂಬಿ ಕೂರಬೇಡಿ, ಫೋನ್ ಮಾಡಿ ಕೇಳಿ.

ಫೋನ್ ಮಾಡಿದಾಗ ಇನ್ನೂ ಮೂರು ವಿಷಯ ಕೇಳಿ ಬರೆದುಕೊಳ್ಳಬೇಕು. ಟೇಬಲ್ ಮೇಲೆ ಕೈ ಮುಂದಕ್ಕೆ ಎಷ್ಟು ಏರಿತು, ಮೊಣಕೈ ಪಕ್ಕೆಗೆ ಇಟ್ಟು ಹೊರಕ್ಕೆ ಎಷ್ಟು ತಿರುಗಿತು (ಇದೇ ಹೊರತಿರುವು), ಕೊನೆಯಲ್ಲಿ ಸ್ಟೆರಾಯ್ಡ್ ಹಾಕಿದರಾ. ಆಪರೇಷನ್ ಆದ ದಿನವೇ ಕೇಳಿ. ವಾರ ಬಿಟ್ಟು ಕೇಳಿದರೆ "ಫುಲ್ ರೇಂಜ್ ಇತ್ತು" ಅನ್ನುತ್ತಾರೆ. 170 ಮತ್ತು 70 ಅಂತ ಅಂಕಿ ಸಿಕ್ಕರೆ ನಮ್ಮ ಕೆಲಸ ಸ್ಪಷ್ಟ. ಆ ರೇಂಜನ್ನು ಗೆದ್ದು ಕೊಟ್ಟವರು ಸರ್ಜನ್, ಕಳೆಯದಂತೆ ನೋಡಿಕೊಳ್ಳುವುದು ನಮ್ಮ ಪಾಲು. ಎರಡು ವಾರ ಆದಾಗ ಮೇಲೇರುವುದರ ಸುಮಾರು ಮುಕ್ಕಾಲು ಪಾಲು ಉಳಿದಿರಬೇಕು ಅನ್ನುವುದು ನನ್ನ ಅಳತೆ. ಬ್ರಿಟನ್ನಿನಲ್ಲಿ 503 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಹೋಲ್, ಅರಿವಳಿಕೆಯಲ್ಲಿ ತಿರುಗಿಸುವುದು, ಇಂಜೆಕ್ಷನ್ ಜೊತೆ ಫಿಸಿಯೋ, ಈ ಮೂರರಲ್ಲಿ ಯಾವುದೂ ವರ್ಷದ ಕೊನೆಗೆ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಮೇಲಾಗಲಿಲ್ಲ. ಯಾವ ದಾರಿಯಲ್ಲಿ ಬಂದ ಭುಜವಾದರೂ ಆಮೇಲಿನ ಎಂಟು ವಾರ ಅದಕ್ಕೆ ಏನಾಗುತ್ತದೆ ಅನ್ನುವುದೇ ಮುಖ್ಯ ಎಂದು ನಾನು ಇನ್ನಷ್ಟು ನಂಬಿದ್ದು ಇದರಿಂದ.

ಮೊದಲ ರಾತ್ರಿ

ಕುತ್ತಿಗೆಗೆ ಕೊಟ್ಟ ಬ್ಲಾಕ್ (ಕೈ ಜೋಮು ಹಿಡಿಸುವ ಇಂಜೆಕ್ಷನ್) ಸುಮಾರು 12ರಿಂದ 18 ಗಂಟೆ ಹಿಡಿದಿರುತ್ತದೆ. ದನಿ ಗೊಗ್ಗರಾಗುವುದು, ಆ ಕಡೆಯ ಕಣ್ಣುರೆಪ್ಪೆ ಸ್ವಲ್ಪ ಇಳಿಯುವುದು ಬ್ಲಾಕ್ ಜೊತೆ ಬಂದು ಬ್ಲಾಕ್ ಜೊತೆಗೇ ಹೋಗುತ್ತವೆ. ಮನೆಯವರಿಗೆ ಮೊದಲೇ ಹೇಳಿಲ್ಲದಿದ್ದರೆ ಲಕ್ವ ಹೊಡೆಯಿತು ಅಂತ ಹೆದರುತ್ತಾರೆ. ಉಸಿರು ಸಾಲದೆ ಒದ್ದಾಡಿದರೆ ಮಾತ್ರ ತಕ್ಷಣ ಅರಿವಳಿಕೆ ಡಾಕ್ಟರಿಗೆ ತಿಳಿಸಬೇಕು.

ಈ 12 ಗಂಟೆ ಚಿನ್ನದಂಥ ಹೊತ್ತು. ಪೇಷೆಂಟ್ ಎಚ್ಚರವಾಗಿರುವಾಗ, ಅವರು ನೋಡುತ್ತಿರುವಾಗಲೇ, ಅಂಗಾತ ಮಲಗಿಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕಿವಿಯವರೆಗೆ ಏರಿಸಿ ಇಳಿಸುತ್ತೇನೆ. ಮೂರೇ ಸಲ. ಅದನ್ನು ಮನೆಯವರ ಮೊಬೈಲಿನಲ್ಲೇ ವಿಡಿಯೋ ಮಾಡಿಸುತ್ತೇನೆ. ವರ್ಷದಿಂದ ತಲೆ ಬಾಚಲಾಗದಿದ್ದ ಕೈ ಅಷ್ಟು ಮೇಲೆ ಹೋಗುವುದನ್ನು ಕಣ್ಣಾರೆ ಕಂಡವರು ಮೂರನೇ ವಾರದಲ್ಲಿ ಕೈಚೆಲ್ಲುವುದಿಲ್ಲ. ಆ ವಿಡಿಯೋ ತೆಗೆದು ತೋರಿಸುವ ಹೊತ್ತು ಬಂದೇ ಬರುತ್ತದೆ.

ಜೋಮು ಹಿಡಿದ ಕೈಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಿರುವುದಿಲ್ಲ. ಮೊಣಕೈ ಮಂಚದ ಕಬ್ಬಿಣಕ್ಕೆ ಒತ್ತಿಕೊಂಡು ಕಿರುಬೆರಳು ಆಮೇಲೆ ವಾರಗಟ್ಟಲೆ ಜುಮುಗುಟ್ಟಿದ್ದನ್ನು ನೋಡಿದ್ದೇನೆ. ಮೊಣಕೈ ಕೆಳಗೆ ದಿಂಬು ಇರಲಿ. ಬಿಸಿ ಕಾಫಿ ಲೋಟ ಆ ಕೈಗೆ ಕೊಡಬೇಡಿ. ಬ್ಲಾಕ್ ಇಳಿದ ಮೇಲೆ ಮೊದಲ ಪರೀಕ್ಷೆ ಹೆಗಲ ಮೇಲಿನ ಡೆಲ್ಟಾಯ್ಡ್ ಸ್ನಾಯುವಿನದು: ಮೊಣಕೈಯನ್ನು ಹಾಸಿಗೆಗೆ ಹಿಂದಕ್ಕೂ ಪಕ್ಕಕ್ಕೂ ಒತ್ತಿಸಿ, ಸ್ನಾಯು ಬೆರಳಿಗೆ ಗಟ್ಟಿಯಾಗಿ ಸಿಗಬೇಕು. ಕ್ಯಾಪ್ಸೂಲಿನ ತಳಭಾಗ ಬಿಡಿಸುವಾಗ ಈ ಸ್ನಾಯುವನ್ನು ನಡೆಸುವ ಆಕ್ಸಿಲರಿ ನರ ಪಕ್ಕದಲ್ಲೇ ಇರುತ್ತದಲ್ಲ, ಅದಕ್ಕೆ. ಒಂದೂವರೆ ದಿನ ಕಳೆದರೂ ಜೋಮು ಪೂರ್ತಿ ಹೋಗದಿದ್ದರೆ ಸರ್ಜನ್‌ಗೆ ಹೇಳಿ.

ಮಾತ್ರೆ ವಿಷಯದಲ್ಲಿ ನನ್ನ ಮೊದಲ ಹತ್ತು ಕೇಸಿನಲ್ಲಿ ನಾಲ್ಕೈದು ಕೆಟ್ಟವು. ಬ್ಲಾಕ್ ಇಳಿಯುವುದು ಹೆಚ್ಚಾಗಿ ನಡುರಾತ್ರಿ, ಎರಡು ಮೂರು ಗಂಟೆಗೆ. "ನೋವು ಬಂದರೆ ತಗೊಳ್ಳಿ" ಅಂತ ಬರೆದಿದ್ದರೆ ಅವರು ಬೆಳಗಿನವರೆಗೆ ಹಲ್ಲು ಕಚ್ಚಿ ಕೂರುತ್ತಾರೆ, ಭುಜದ ಸುತ್ತ ಸ್ನಾಯುಗಳು ಬಿಗಿದು ಎರಡು ದಿನ ಮುಟ್ಟಿಸಿಕೊಳ್ಳುವುದಿಲ್ಲ. ಹೋದ ಆ ಎರಡು ದಿನ ಮತ್ತೆ ಸಿಗುವುದಿಲ್ಲ. ಮಾತ್ರೆ ಬರೆಯುವುದು ನಮ್ಮ ಅಧಿಕಾರವಲ್ಲ. ಆದರೆ ಬ್ಲಾಕ್ ಇಳಿಯುವ ಮೊದಲೇ ಮೊದಲ ಡೋಸ್ ಶುರುವಾಗುವಂತೆ, ಗಂಟೆ ಹಾಕಿ ಬರೆದುಕೊಡಿ ಅಂತ ಸರ್ಜನ್‌ನ ಕೇಳಿಕೊಳ್ಳುವುದು ನಮ್ಮ ಕೆಲಸ. ಕಿಡ್ನಿ ತೊಂದರೆ ಇರುವ ಶುಗರಿನವರಿಗೆ ಯಾವ ಮಾತ್ರೆ ಅನ್ನುವುದು ಅವರಿಗೇ ಬಿಟ್ಟದ್ದು.

ಮರುದಿನ ಬೆಳಿಗ್ಗೆ ಬ್ಯಾಂಡೇಜ್ ತಿಳಿಗೆಂಪು ನೀರಿನಲ್ಲಿ ನೆನೆದಿರುತ್ತದೆ, ಭುಜ ತೆಂಗಿನಕಾಯಿ ಹಾಗೆ ಊದಿರುತ್ತದೆ. ಅದು ಒಳಗೆ ಹರಿಸಿದ ಸಲೈನ್, ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೀವು, ಚಳಿಜ್ವರ, ದಿನದಿಂದ ದಿನಕ್ಕೆ ಏರುವ ನೋವು ಮಾತ್ರ ಬೇರೆ ಕಥೆ. ಅದರಲ್ಲೂ ಶುಗರ್ ಇದ್ದವರಲ್ಲಿ ಒಂದು ದಿನವೂ ಕಾಯಬಾರದು.

ಸ್ಲಿಂಗ್ ನನ್ನಲ್ಲಿ ಎರಡು ದಿನ, ಅದೂ ಓಡಾಡುವಾಗ ಮಾತ್ರ. ಒಂದು ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಕಫ್ ಹೊಲಿಗೆಗೆ ಬಳಸುವ ಅಚ್ಚು ವಾಕ್ಯ ಹಾಗೆಯೇ ಉಳಿದು "ಸ್ಲಿಂಗ್ 3 ವಾರ" ಅಂತ ಬಂದಿತ್ತು. ಪೇಷೆಂಟ್ ನಿಯತ್ತಾಗಿ ಪಾಲಿಸಿದರು. 22ನೇ ದಿನ ನನ್ನ ಹತ್ತಿರ ಬಂದಾಗ ಹೊರತಿರುವು ಸೊನ್ನೆ. ಮೇಲೆ ಹೇಳಿದೆನಲ್ಲ, ಮತ್ತೆ ಟೇಬಲ್ ಹತ್ತಿದ ಒಬ್ಬರು, ಅವರು ಇವರೇ.

ಬಾಗಿಲು ತೆರೆಯುವುದು ಮೊದಲು

ಎಲ್ಲರ ಕಣ್ಣೂ ಕೈ ಎಷ್ಟು ಮೇಲೇರಿತು ಅನ್ನುವುದರ ಮೇಲೆ. ನನ್ನ ಕಣ್ಣು ಹೊರತಿರುವಿನ ಮೇಲೆ. ಪೇಷೆಂಟ್‌ಗೆ ಅದನ್ನು "ಬಾಗಿಲು ತೆರೆಯುವುದು" ಅಂತ ಹೇಳುತ್ತೇನೆ: ಮೊಣಕೈ ಬಾಗಿಲಿನ ತಿರುಗಣಿ, ಮುಂಗೈ ಬಾಗಿಲು. ಮೊದಲು ಕಳೆದುಹೋಗುವುದು ಅದು, ಕೊನೆಗೆ ವಾಪಸು ಬರುವುದೂ ಅದೇ. ಅದು 40 ಡಿಗ್ರಿ ಉಳಿದಿದ್ದರೆ ಮೇಲೇರುವುದು ತಾನಾಗಿ ಹಿಂಬಾಲಿಸುತ್ತದೆ. ಅದು 15ಕ್ಕೆ ಬಿದ್ದರೆ ರಾಟೆ ಹಗ್ಗ ಎಷ್ಟು ಎಳೆದರೂ ಬೆನ್ನಮೂಳೆ ಬಾಗಿ, ಹೆಗಲು ಕಿವಿಗೆ ತಾಗಿ ಸುಳ್ಳು ಅಂಕಿ ಬರುತ್ತದೆ.

ಸಾಮಾನು ಇಷ್ಟೇ: ಮುಕ್ಕಾಲು ಇಂಚಿನ ಪಿವಿಸಿ ಪೈಪ್ 3 ಅಡಿ, ಎರಡು ತುದಿಗೂ ಕ್ಯಾಪ್. ಒಂದು ಟವೆಲ್. ಎರಡು ಮೂರು ದಿಂಬು. ಅರ್ಧ ಲೀಟರ್ ನೀರಿನ ಬಾಟಲಿ. ಆಮೇಲೆ ಒಂದು ರಾಟೆ, ಹಗ್ಗ. ಎಲ್ಲಾ ಸೇರಿ ₹250 ದಾಟುವುದಿಲ್ಲ.

ಅಂಗಾತ ಮಲಗಿ, ಮಡಚಿದ ಟವೆಲನ್ನು ತೋಳಿನ ಕೆಳಗೆ ಇಟ್ಟು, ಮೊಣಕೈ 90 ಡಿಗ್ರಿ ಮಡಚಿ, ಪೈಪಿನ ಒಂದು ತುದಿ ಆಪರೇಷನ್ ಆದ ಅಂಗೈಗೆ, ಇನ್ನೊಂದು ಒಳ್ಳೆಯ ಕೈಗೆ. ಒಳ್ಳೆಯ ಕೈ ನಿಧಾನವಾಗಿ ದೂಡುತ್ತದೆ. ಬಿಗಿ ಸಿಕ್ಕ ಕಡೆ 10 ಎಣಿಸುವವರೆಗೆ ನಿಲ್ಲಬೇಕು, ಹೀಗೆ 10 ಸಲ, ಕೊನೆಯದು ಮಾತ್ರ ಪೂರಾ ಒಂದು ನಿಮಿಷ. ಟವೆಲ್ ಯಾಕೆ ಅಂದರೆ, ಅದಿಲ್ಲದಿದ್ದರೆ ತೋಳು ಹಿಂದಕ್ಕೆ ಜಾರಿ ಮುಂಭಾಗದ ಗಾಯವೇ ಒತ್ತಿಕೊಳ್ಳುತ್ತದೆ. ಹತ್ತರಲ್ಲಿ ಒಂಬತ್ತು ಜನ ಮಾಡುವ ತಪ್ಪು ಮೊಣಕೈಯನ್ನು ಪಕ್ಕೆಯಿಂದ ಬಿಡಿಸಿ ಎದೆಯನ್ನೇ ಆ ಕಡೆ ಹೊರಳಿಸುವುದು. ಮೊಣಕೈಗೂ ಪಕ್ಕೆಗೂ ನಡುವೆ ಒಂದು ಹಳೆ ಪೋಸ್ಟ್‌ಕಾರ್ಡ್ ಇಡಿಸಿ. ಅದು ಬಿದ್ದರೆ ಆ ಸಲ ಲೆಕ್ಕಕ್ಕಿಲ್ಲ.

ಆಮೇಲೆ ಒಳ್ಳೆಯ ಕೈಯಿಂದ ಮಣಿಕಟ್ಟು ಹಿಡಿದು ಮಲಗಿದಲ್ಲೇ ಮೇಲೆತ್ತುವುದು, 10 ಸಲ. ಎದೆಯ ಮೇಲಿಂದ ಆಚೆ ಹೆಗಲ ಕಡೆ ಎಳೆದುಕೊಳ್ಳುವುದು, 5 ಸಲ. ಕೊನೆಗೆ ಬೆರಳು ಬಿಗಿಯಾಗಿ ಮುಚ್ಚಿ ಬಿಚ್ಚುವುದು, 20 ಸಲ. ಬೆರಳನ್ನು ಮರೆತವರಲ್ಲಿ ಇಬ್ಬರಿಗೆ ಅಂಗೈ ಊದಿ, ಬಿಸಿಯಾಗಿ, ಚರ್ಮ ಹೊಳೆಯುವಂತಾಗಿ ಭುಜಕ್ಕಿಂತ ಕೈಯದೇ ದೊಡ್ಡ ತಲೆನೋವಾಯಿತು.

ಪೆಂಡುಲಮ್ (ಬಗ್ಗಿ ನಿಂತು ಕೈ ಇಳಿಬಿಟ್ಟು ತೂಗುವ ವ್ಯಾಯಾಮ) ಬಗ್ಗೆ ನನಗೆ ಅಂಥ ನಂಬಿಕೆ ಇಲ್ಲ. ಸೊಂಟ ತೂಗಿ ಕೈ ತಾನಾಗಿ ಆಡಬೇಕು. ಹೆಚ್ಚಿನವರು ಭುಜದ ಸ್ನಾಯುವಿನಿಂದಲೇ ಕೈ ತಿರುಗಿಸುತ್ತಾರೆ. ಒಂದು ನಿಮಿಷ, ಮೈ ಸಡಿಲಿಸಲು ಮಾತ್ರ.

ಮನೆಯವರು ಸಹಾಯ ಮಾಡುವುದಾದರೆ ಕೈಯ ಭಾರ ಹೊರಬೇಕು, ಒತ್ತಬಾರದು. ಪ್ರೀತಿಯಿಂದಲೇ ಒಬ್ಬರ ಮಗ ಯೂಟ್ಯೂಬ್ ನೋಡಿ ಒತ್ತಿದ, ತೋಳು ಮೊಣಕೈವರೆಗೆ ನೀಲಿಗಟ್ಟಿತು, ಎರಡು ವಾರ ಹೋಯಿತು. ಅರಿವಳಿಕೆಯಲ್ಲಿ ತಿರುಗಿಸಿದ ಕೇಸುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೈ ಮೇಲೆತ್ತಿಟ್ಟರೆ ಹಿಡಿದುಕೊಳ್ಳಲಾಗದೆ ದೊಪ್ಪನೆ ಬಿದ್ದರೆ ವ್ಯಾಯಾಮ ನಿಲ್ಲಿಸಿ ವಾಪಸು ಕಳಿಸಿ, ಕಫ್ ಹರಿದಿರಬಹುದು.

ಎಷ್ಟು ನೋವು ಸರಿ

ವ್ಯಾಯಾಮದ ಹೊತ್ತಿನ ನೋವನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ. ಮುಗಿಸಿದ ಮೇಲೆ ಅರ್ಧ ಗಂಟೆಯೊಳಗೆ ಅದು ಮೊದಲಿದ್ದ ಮಟ್ಟಕ್ಕೆ ಬರಬೇಕು, ಮತ್ತು ಆ ರಾತ್ರಿ ನಿದ್ದೆ ನಿನ್ನೆಗಿಂತ ಕೆಡಬಾರದು. ಈ ಎರಡರಲ್ಲಿ ಒಂದು ತಪ್ಪಿದರೂ ಮರುದಿನ ಹಿಡಿದು ನಿಲ್ಲುವ ಹೊತ್ತನ್ನು ಅರ್ಧ ಮಾಡಿ. 6 ಸಲವನ್ನು 3 ಮಾಡಬೇಡಿ. ಇದು ನನ್ನ ಕ್ರಮದ ಜೀವಾಳ. ಮೊದಲು ನಾನು ಉಲ್ಟಾ ಮಾಡುತ್ತಿದ್ದೆ: ನೋವು ಹೆಚ್ಚಾಯಿತಾ, ಎರಡು ದಿನ ರಜಾ. ಆ ಎರಡು ದಿನದಲ್ಲಿ ಹೋದ 10 ಡಿಗ್ರಿ ವಾಪಸು ತರಲು ಮತ್ತೆ ಜೋರಾಗಿ ಎಳೆಯುವುದು, ಮತ್ತೆ ಕೆರಳುವುದು, ಮತ್ತೆ ರಜಾ.

6 ಸಲ ಮಾಡಿಸುವುದು ಹೇಗೆ? ಅಲಾರಾಂ ಇಟ್ಟು ನೋಡಿದೆ, ನಾಲ್ಕನೇ ದಿನಕ್ಕೆ ಆಫ್ ಮಾಡುತ್ತಾರೆ. ಈಗ ದಿನಚರಿಗೆ ಕಟ್ಟುತ್ತೇನೆ: ಹಾಸಿಗೆಯಿಂದ ಏಳುವ ಮುಂಚೆ, ತಿಂಡಿ ಆದ ಮೇಲೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ಸಂಜೆ ಕಾಫಿ, ರಾತ್ರಿ ಧಾರಾವಾಹಿ ನಡುವೆ, ಮಲಗುವಾಗ. ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಆರು ಗೀಟು. ಬರುವಾಗ ಹಾಳೆಯ ಫೋಟೋ ತರಬೇಕು. ಗೀಟು ಐದಕ್ಕಿಂತ ಕಡಿಮೆ ಇದ್ದ ವಾರ ನಾನು ಕೈ ಮುಟ್ಟುವ ಮೊದಲೇ ಡಿಗ್ರಿ ಎಷ್ಟು ಬಿದ್ದಿದೆ ಅಂತ ಹೇಳಬಲ್ಲೆ. ಹೆಚ್ಚೆಂದರೆ ಐದು ಡಿಗ್ರಿ ಆಚೀಚೆ.

ಮಾತ್ರೆ ತೆಗೆದುಕೊಂಡು 45 ನಿಮಿಷ ಬಿಟ್ಟು ಮಾಡುವ ಸುತ್ತು ದಿನದಲ್ಲಿ ಅತಿ ದೊಡ್ಡದಾಗಿರಲಿ. ಹೊಲಿಗೆ ತೆಗೆದು ಗಾಯ ಒಣಗಿದ ಮೇಲೆ, ಅಂದರೆ ಸುಮಾರು ಎರಡು ವಾರದ ನಂತರ, ಹಂಡೆಯ ಬಿಸಿನೀರಿನ ಸ್ನಾನ ಮುಗಿಸಿದ ಕೂಡಲೇ ಮಾಡುವ ಸುತ್ತು ಅದಕ್ಕಿಂತಲೂ ಒಳ್ಳೆಯದು. ಅದೇ ಹೊತ್ತಿಗೆ ಅಳತೆ ತೆಗೆದರೆ ಅಂಕಿ ಯಾವಾಗಲೂ 8–10 ಡಿಗ್ರಿ ಹೆಚ್ಚು ಬರುತ್ತದೆ, ಹಾಗಾಗಿ ಅಳತೆ ಮಾತ್ರ ಆಗ ಬೇಡ.

ಐಸ್ ವಿಷಯದಲ್ಲಿ ಒಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. ಹಳ್ಳಿಗಳಲ್ಲಿ ಕರೆಂಟ್ ಹೋದರೆ ಐಸ್ ನಿಲ್ಲುವುದಿಲ್ಲ ಅಂತ ಕಲ್ಲುಪ್ಪು ಬೆರೆಸಿದ ಐಸ್ ಚೀಲ ಮಾಡಿಸಿದೆ. ಉಪ್ಪು ಸೇರಿದ ಐಸ್ ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ. ಶುಗರಿನಿಂದ ಸ್ಪರ್ಶ ಕಮ್ಮಿ ಇದ್ದ ಒಬ್ಬರ ಚರ್ಮ ಬೊಬ್ಬೆ ಎದ್ದಿತು. ಈಗ ಐಸ್ ಜೊತೆ ಬರೀ ನೀರು, ಅದು ಕರಗಿ ಮುಗಿಯುವವರೆಗೂ ಸೊನ್ನೆಯಲ್ಲೇ ಇರುತ್ತದೆ. ಒದ್ದೆ ಬಟ್ಟೆ ಸುತ್ತಿ 15 ನಿಮಿಷ, ಮೊದಲ ವಾರ ದಿನಕ್ಕೆ ಮೂರು ಸಲ. ಎಣ್ಣೆ ತಿಕ್ಕುವುದನ್ನು ಯಾರೂ ಬಿಡುವುದಿಲ್ಲ, ನಾನೂ ಬಿಡಿಸಲು ಹೋಗುವುದಿಲ್ಲ. ಕತ್ತು, ಬೆನ್ನಿನ ಮೇಲ್ಭಾಗಕ್ಕೆ ಹಚ್ಚಲಿ, ತೂತು ಹಾಕಿದ ಜಾಗದ ಹತ್ತಿರ ಮೂರು ವಾರ ಬೇಡ.

ಸ್ಟೆರಾಯ್ಡ್ ಹಾಕಿದ್ದರೆ ಶುಗರ್ ಮೊದಲ ದಿನದಿಂದಲೇ ಏರುತ್ತದೆ, ವಾರದವರೆಗೂ ಆಡುತ್ತದೆ. ಮನೆಯ ಮೀಟರಿನಲ್ಲಿ 300 ನೋಡಿ ಗಾಬರಿಯಾಗಿ ಊಟ ಬಿಟ್ಟವರಿದ್ದಾರೆ. ಮೊದಲೇ ಹೇಳಿಟ್ಟು, ದಿನಾ ಎರಡು ಸಲ ನೋಡಿ ಶುಗರ್ ಡಾಕ್ಟರಿಗೆ ತಿಳಿಸಲು ಹೇಳುತ್ತೇನೆ.

ಮೂರನೇ ವಾರ

ಎಷ್ಟೇ ಸರಿಯಾಗಿ ಮಾಡಿದರೂ 14ರಿಂದ 24ನೇ ದಿನದ ನಡುವೆ 10–15 ಡಿಗ್ರಿ ಬೀಳುತ್ತದೆ. ಗಾಯ ಮಾಯುವ ಹೊತ್ತು, ಒಳಗಿನ ಅಂಗಾಂಶ ಸೆಳೆದುಕೊಳ್ಳುತ್ತದೆ. ಇಲ್ಲಿ ಎಳೆದವರೇ ಕೆಡಿಸಿಕೊಳ್ಳುವುದು. ನಾನು ಈ ವಾರ ಜೋರನ್ನು ಇನ್ನೂ ಇಳಿಸಿ, ಉದ್ದನೆಯ ಹಿಡಿತ ಶುರುಮಾಡುತ್ತೇನೆ. ಅಂಗಾತ ಮಲಗಿ ಮೊಣಕೈ ಪಕ್ಕೆಗೆ ಇಟ್ಟು, ಹೊರಗಡೆ ದಿಂಬುಗಳನ್ನು ಮುಂಗೈ ತಲುಪುವಷ್ಟು ಎತ್ತರಕ್ಕೆ ಪೇರಿಸಿ, ಮಣಿಕಟ್ಟಿಗೆ ಅರ್ಧ ಲೀಟರ್ ಬಾಟಲಿ ಬಟ್ಟೆಯಿಂದ ಕಟ್ಟಿ ಕೈಯನ್ನು ಹೊರಕ್ಕೆ ಬಿಡುವುದು. 12ರಿಂದ 15 ನಿಮಿಷ, ದಿನಕ್ಕೆ ಎರಡು ಸಲ. ಐದು ನಿಮಿಷಕ್ಕೊಮ್ಮೆ ಒಂದು ದಿಂಬನ್ನು ಸ್ವಲ್ಪ ತಗ್ಗಿಸಿದರೆ ಕೈ ತಾನಾಗಿ ಇಳಿಯುತ್ತದೆ. ಮುಗಿದ ಮೇಲೆ ಆ ಕೈಯನ್ನು ತಾನಾಗಿ ಎತ್ತಬಾರದು, ಇನ್ನೊಂದು ಕೈಯಿಂದ ತಂದು ಹೊಟ್ಟೆಯ ಮೇಲೆ ಇಡಬೇಕು. ಇಲ್ಲದಿದ್ದರೆ ಕರೆಂಟ್ ಹೊಡೆದಂತೆ ನೋವು. ಒಂದು ಕಿಲೋ ಹಾಕಿಯೂ ನೋಡಿದೆ. ಏನೂ ಹೆಚ್ಚು ಸಿಗಲಿಲ್ಲ, ಸ್ನಾಯು ಎದುರು ಬಿಗಿದುಕೊಂಡಿತು.

ಇದರ ಕೊನೆಯಲ್ಲಿ ಹತ್ತು ಡಿಗ್ರಿ ಬಿಡಿಸಿಕೊಡುವ ಒಂದು ಹಿಡಿತ ನನ್ನಲ್ಲಿದೆ. ಹೆಬ್ಬೆರಳು ಎಲ್ಲಿ ಕೂರಬೇಕು ಅನ್ನುವುದರಲ್ಲೇ ಎಲ್ಲ ಇದೆ, ಅದನ್ನು ಬರೆಯುವುದಿಲ್ಲ. ಬಂದರೆ ಕೈಹಿಡಿದು ತೋರಿಸುತ್ತೇನೆ.

24ನೇ ದಿನ ದಾಟಿಯೂ ಹೊರತಿರುವು 20ಕ್ಕಿಂತ ಕೆಳಗೇ ಇದ್ದು ಎರಡು ವಾರ ಕದಲದಿದ್ದರೆ ನನ್ನ ಹಠ ಬಿಟ್ಟು ಸರ್ಜನ್ ಹತ್ತಿರ ಕಳಿಸುತ್ತೇನೆ. ಮೂರ್ನಾಲ್ಕು ಜನಕ್ಕೆ ಒಂದು ಇಂಜೆಕ್ಷನ್‌ನಲ್ಲಿ ದಾರಿ ಬಿಟ್ಟಿದೆ.

ಬೆನ್ನ ಹಿಂದೆ ಟವೆಲ್ ಹಿಡಿದು ಮೇಲೆಳೆಯುವುದನ್ನು ಮೊದಲ ವಾರವೇ ಕೊಡುವವರಿದ್ದಾರೆ. ನನ್ನ ಅನುಭವದಲ್ಲಿ ರಾತ್ರಿ ನೋವು ಹೆಚ್ಚಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಕೈ ಹಿಂದಕ್ಕೂ ಒಳಕ್ಕೂ ಒಟ್ಟಿಗೆ ತಿರುಗಿದಾಗ ಬಿಡಿಸಿದ ಮುಂಭಾಗವೂ ಬೈಸೆಪ್ಸ್ ಸ್ನಾಯುರಜ್ಜುವೂ ಹಿಂಡಿಕೊಳ್ಳುತ್ತವೆ. ನಾಲ್ಕನೇ ವಾರದ ಮುಂಚೆ ನಾನು ಮುಟ್ಟುವುದಿಲ್ಲ. ಅಲ್ಲಿಯವರೆಗೆ ಮುಂದೆ ಹುಕ್ ಇರುವ ರವಿಕೆ, ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಕೊನೆಗೆ.

ರಾಟೆಯೂ ತಡವಾಗಿಯೇ. ಮಲಗಿದಲ್ಲಿ 120 ಬಾರದ ಕೈಗೆ ರಾಟೆ ಕೊಟ್ಟರೆ ಹೆಗಲು ಕುಣಿಸುವುದನ್ನು ಕಲಿಸಿದಂತೆ. ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ಎದುರಿಗೆ ಕನ್ನಡಿ ಇಟ್ಟು, ಹೆಗಲು ಕಿವಿಯ ಕಡೆ ಏರಿದ ಕೂಡಲೇ ನಿಲ್ಲಿಸಬೇಕು. ರಬ್ಬರ್ ಬ್ಯಾಂಡ್ ಆರು ವಾರದ ನಂತರ. ಎರಡನೇ ವಾರ ಕೊಟ್ಟು ನಾಲ್ಕು ಜನರಲ್ಲಿ ಮೂವರನ್ನು ಕೆರಳಿಸಿದ್ದೇನೆ.

ಬಲ ಬರಿಸಲು ಬ್ಯಾಂಡಿಗಿಂತ ಮನೆಗೆಲಸ ಮೇಲು. ನಮ್ಮ ದಾವಣಗೆರೆಯಲ್ಲಿ ದೋಸೆ ಹೊಯ್ಯುವ ಕೈಗಳಿಗೆ ಕಮ್ಮಿಯಿಲ್ಲ. ಮೂರನೇ ವಾರ ಹೆಂಚಿನ ಮೇಲೆ ಹಿಟ್ಟು ತಿರುವುವ ಚಲನೆ, ಬರೀ ಸೌಟು ಹಿಡಿದು, ಮೊಣಕೈ ಮೈ ಹತ್ತಿರ. ಐದನೇ ವಾರ ರೊಟ್ಟಿ ಬಡಿಯುವುದು, ದಿನಕ್ಕೆ ನಾಲ್ಕರಿಂದ ಶುರು. ಆರನೇ ವಾರ ತಲೆ ಮಟ್ಟದ ಹಗ್ಗಕ್ಕೆ ಹಗುರ ಬಟ್ಟೆ ಒಣಹಾಕುವುದು. ಚೊಂಬಿನಿಂದ ತಲೆಗೆ ನೀರು ಹೊಯ್ದುಕೊಳ್ಳಲು ಸಾಮಾನ್ಯವಾಗಿ ಏಳೆಂಟು ವಾರ, ಜಡೆ ಹಾಕಿಕೊಳ್ಳಲು ಹತ್ತು. ಬೈಕ್ ಆರು ವಾರಕ್ಕೆ ಮುಂಚೆ ಬೇಡವೇ ಬೇಡ.

ರಾತ್ರಿ ಮಲಗುವಾಗ ತೋಳಿನ ಕೆಳಗೆ ತೆಳ್ಳನೆ ದಿಂಬು, ಮೊಣಕೈ ಮೈಯ ಗೆರೆಗಿಂತ ಹಿಂದೆ ಬೀಳದಂತೆ. ಇದೊಂದನ್ನು ಸರಿಮಾಡಿದ್ದಕ್ಕೇ ನಿದ್ದೆ ಬಂತು ಅಂದವರು ಎಷ್ಟೋ ಜನ.

ನನ್ನ ಸರಾಸರಿ ನೆನಪಿನಿಂದ ಹೇಳುವುದಾದರೆ: ಒಂದನೇ ವಾರದ ಕೊನೆಗೆ ಮೇಲೆ 130, ಹೊರಕ್ಕೆ 40. ಮೂರನೇ ವಾರ 120, 30. ಆರನೇ ವಾರ 150, 45–50. ಹನ್ನೆರಡನೇ ವಾರ 165, 60ರ ಹತ್ತಿರ. ಶುಗರ್ ಇದ್ದವರಲ್ಲಿ ಎಲ್ಲಾ ಹತ್ತು ಹತ್ತು ಕಮ್ಮಿ, ಸಮಯ ಒಂದು ತಿಂಗಳು ಹೆಚ್ಚು. ಇವೆಲ್ಲ ಮಲಗಿಸಿ, ಹೆಗಲ ಹಲಗೆ ಒತ್ತಿ ಹಿಡಿದು ತೆಗೆದ ಅಳತೆ. ಕೂರಿಸಿ ತೆಗೆದರೆ 20 ಹೆಚ್ಚು ತೋರಿಸಬಹುದು, ಅದರಿಂದ ಯಾರಿಗೂ ಉಪಯೋಗವಿಲ್ಲ.

ದುಡ್ಡಿನ ಮಾತು

ನಮ್ಮ ಕಡೆ ಆಪರೇಷನ್‌ಗೆ ₹70,000ದಿಂದ ₹1.2 ಲಕ್ಷದವರೆಗೆ ಕೊಟ್ಟು ಬಂದಿರುತ್ತಾರೆ. ಆಮೇಲೆ ದಿನಾ ₹400ರಂತೆ 30 ಸಿಟ್ಟಿಂಗ್ ಅಂದರೆ ₹12,000, ಜೊತೆಗೆ 40 ಕಿಲೋಮೀಟರ್ ದೂರದ ಹಳ್ಳಿಯಿಂದ ಬಂದುಹೋಗುವ ದಿನದ ಕೂಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ತುಂಬಿದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಡ್ರೈವರ್ ಬ್ರೇಕ್ ಹಾಕಿದರೆ ಒಂದು ವಾರದ ಕೆಲಸ ಆ ಒಂದು ಜಗ್ಗಿಗೆ ಹೋಗುತ್ತದೆ. ಬರಲೇಬೇಕಾದರೆ ಕೂತೇ ಬನ್ನಿ, ಆಪರೇಷನ್ ಆದ ಭುಜ ಕಿಟಕಿ ಕಡೆ, ನಡುವೆ ಟವೆಲ್ ಅನ್ನುತ್ತೇನೆ.

ನನ್ನದು 12 ಭೇಟಿ: ಮೊದಲ ವಾರ ಮೂರು, ಎರಡು ಮೂರನೇ ವಾರ ಎರಡೆರಡು, ಆಮೇಲೆ ಏಳನೇ ವಾರದವರೆಗೆ ವಾರಕ್ಕೊಂದು, ಕೊನೆಯದು ಹನ್ನೆರಡನೇ ವಾರ. ಒಟ್ಟಿಗೆ ₹5,500, ಅರ್ಧ ಮುಂಗಡ. ಮುಂಗಡ ಕೊಟ್ಟವರು ನಡುವೆ ಬಿಟ್ಟುಹೋಗುವುದಿಲ್ಲ. ಬಿಡಿಯಾಗಿ ತೆಗೆದುಕೊಳ್ಳುತ್ತಿದ್ದಾಗ ನೋವು ಕಮ್ಮಿಯಾದ ಐದನೇ ವಾರಕ್ಕೇ ಮಾಯವಾಗುತ್ತಿದ್ದರು. ಮೊದಲ ವರ್ಷ ಈ ಕೇಸುಗಳ ವರಮಾನ ಅರ್ಧಕ್ಕಿಂತ ಕೆಳಗೆ ಬಿತ್ತು, ಸುಳ್ಳು ಹೇಳುವುದಿಲ್ಲ. ಎರಡನೇ ವರ್ಷದಿಂದ ವರ್ಷಕ್ಕೆ ಮೂರ್ನಾಲ್ಕು ಬರುತ್ತಿದ್ದ ಕೇಸು ಒಂಬತ್ತು ಹತ್ತಾಯಿತು, ಈಗ ಹಿಂದಿಗಿಂತ ಮೇಲಿದ್ದೇನೆ.

ನಷ್ಟ ಆದದ್ದು ಯಂತ್ರದಲ್ಲಿ. ಕೈಯನ್ನು ತಾನಾಗಿ ಆಡಿಸುವ ಸಿಪಿಎಂ ಯಂತ್ರವೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ₹80,000 ಚಿಲ್ಲರೆ ಕೊಟ್ಟು ತಂದೆ. ಆರೇಳು ಜನರಿಗೆ ಹಾಕಿದೆ. ಮೇಲೆತ್ತುವುದನ್ನು ಚೆನ್ನಾಗಿ ಮಾಡುತ್ತದೆ, ಆದರೆ ನಮಗೆ ಬೇಕಾದ ಹೊರತಿರುವಿಗೆ ಮೊಣಕೈ ಸರಿಯಾಗಿ ಕೂರುವುದೇ ಇಲ್ಲ, ಪೇಷೆಂಟ್ ಜಾರಿಕೊಂಡುಬಿಡುತ್ತಾರೆ. ₹35,000ಕ್ಕೆ ಮಾರಿದೆ. ಅಲ್ಟ್ರಾಸೌಂಡ್, ಡಯಾಥರ್ಮಿ ಅನ್ನುವ ಒಳಗೆ ಬಿಸಿ ಕೊಡುವ ಯಂತ್ರಗಳನ್ನು ಈ ಕೇಸುಗಳಿಗೆ ನಿಲ್ಲಿಸಿದ್ದರಿಂದ ಅಳತೆಯಲ್ಲಿ ಒಂದು ಡಿಗ್ರಿಯೂ ವ್ಯತ್ಯಾಸ ಬರಲಿಲ್ಲ.

ಇನ್ಶೂರೆನ್ಸ್ ಇದ್ದವರಿಗೆ: ಎಷ್ಟೋ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ ಮೇಲೆ 60 ದಿನದ ಖರ್ಚು ಸೇರಿರುತ್ತದೆ, ಪಾಲಿಸಿ ಕಾಗದದಲ್ಲಿ ನೋಡಿಸಿ. ಸರ್ಜನ್ ಲೆಟರ್‌ಹೆಡ್‌ನಲ್ಲಿ "ಫಿಸಿಯೋಥೆರಪಿ, 12 ಭೇಟಿ" ಅಂತ ತಾರೀಖು ಸಮೇತ ಬರೆಸಿ. ಬಿಲ್ಲು ಭೇಟಿಭೇಟಿಗೂ ಬೇರೆ ಇರಬೇಕು. ಪ್ಯಾಕೇಜ್ ಅಂತ ಒಂದೇ ಬಿಲ್ಲು ಕೊಟ್ಟು ಇಬ್ಬರ ಕ್ಲೇಮ್ ತಿರಸ್ಕಾರ ಆದ ಮೇಲೆ ನಾನು ಹಾಗೆ ಬದಲಾಯಿಸಿದೆ. 60 ದಿನದೊಳಗೆ ಬೀಳುವುದು 11 ಭೇಟಿ, ಹನ್ನೆರಡನೆಯದು ಅವರ ಕೈಯಿಂದ.

ಆ ಹನ್ನೆರಡನೇ ಭೇಟಿಯಲ್ಲಿ, ಶುಗರ್ ಅಥವಾ ಥೈರಾಯ್ಡ್ ಇದ್ದವರ ಇನ್ನೊಂದು ಭುಜದ ಹೊರತಿರುವನ್ನೂ ಅಳೆದು ಅದೇ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಡುತ್ತೇನೆ. ಅದು ಹಿಡಿಯುವ ಸಾಧ್ಯತೆ ಇವರಲ್ಲಿ ಹೆಚ್ಚು. ತಿಂಗಳಿಗೊಮ್ಮೆ ಪೈಪ್ ಹಿಡಿದು ನೋಡಿಕೊಳ್ಳಬೇಕು, ಬರೆದ ಅಂಕಿಗಿಂತ 15 ಡಿಗ್ರಿ ಕಮ್ಮಿ ಕಂಡರೆ ನೋವಿಗೆ ಕಾಯದೆ ಬರಬೇಕು. ಹಾಗೆ ಮುಂಚೆಯೇ ಬಂದ ಐದು ಜನರಲ್ಲಿ ನಾಲ್ವರಿಗೆ ಆಪರೇಷನ್ ಬೇಕಾಗಲಿಲ್ಲ.